ಕೈತೋಟದ ಘಮ ತಟ್ಟೆಗೆ ಬರುವ ತನಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪರಿಮಳದ ಸೊಪ್ಪುಗಳ ಬಗ್ಗೆ. ‘ಕೊಯ್ಯುವಾಗ ಕೈಯೆಲ್ಲ ಘಮ ಘಮ, ತಿನ್ನುವಾಗ ಏನೂ ಇಲ್ಲ’ ಎನ್ನುವುದು ಹೆಚ್ಚುಕಡಿಮೆ ಎಲ್ಲರ ದೂರು. ಎಲೆಯ ಪರಿಮಳ ಇರುವುದು ಅದರ ಎಣ್ಣೆಯಲ್ಲಿ. ಆದರೆ ಎಲೆಯ ತೂಕದಲ್ಲಿ ಬಹುಪಾಲು ನೀರೇ. ಆ ನೀರು ಹಿಟ್ಟಿನ ಹದ ಕೆಡಿಸುತ್ತದೆ, ಎಣ್ಣೆ ಬಿಸಿಗೆ ಹಾರಿಹೋಗುತ್ತದೆ. ಕೆಳಗಿನ ತೊಂದರೆಗಳನ್ನು ಓದುವಾಗ ಇಷ್ಟು ನೆನಪಿರಲಿ.

ಪ್ರಶ್ನೆ: ಹಿತ್ತಲಲ್ಲಿ ದೊಡ್ಡಪತ್ರೆ ಹುಲುಸಾಗಿ ಬೆಳೆದಿದೆ. ತಂಬುಳಿ, ಬಜ್ಜಿ ತಿಂದು ಸಾಕಾಗಿ ಬ್ರೆಡ್‌ಗೆ ಹಾಕಿ ನೋಡಿದೆ. ಅರ್ಧ ಕೆ.ಜಿ. ಮೈದಾಕ್ಕೆ ನಲವತ್ತು ಎಲೆ ರುಬ್ಬಿ ಸೇರಿಸಿದೆ. ಹಿಟ್ಟು ಕೈಗೆಲ್ಲ ಅಂಟಿತು, ಸರಿಯಾಗಿ ಉಬ್ಬಲಿಲ್ಲ, ಬೆಂದ ಮೇಲೂ ಒಳಗೆ ಹಸಿಹಸಿ. ಯೀಸ್ಟ್ ಕೆಟ್ಟಿತ್ತೇ? — ಶಿರಸಿ

ಉತ್ತರ: ಯೀಸ್ಟ್‌ನ ಮೇಲೆ ಅನುಮಾನ ಬೇಡ. ದೊಡ್ಡಪತ್ರೆಯ ಮಧ್ಯಮ ಗಾತ್ರದ ಎಲೆಯೊಂದು ಸುಮಾರು ಎರಡು ಗ್ರಾಂ ತೂಗುತ್ತದೆ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ನಲವತ್ತು ಎಲೆ ರುಬ್ಬಿದರೆ 70 ಮಿ.ಲೀ. ನೀರು ಲೆಕ್ಕಕ್ಕೆ ಸಿಗದೆ ಹಿಟ್ಟಿಗೆ ಸೇರಿತು. ಅರ್ಧ ಕೆ.ಜಿ. ಮೈದಾಕ್ಕೆ 300 ಮಿ.ಲೀ. ನೀರು ಹದ. ನಿಮ್ಮದು 370 ದಾಟಿತು. ಅಚ್ಚಿನ ಬ್ರೆಡ್‌ಗೆ ಅಷ್ಟು ನೀರಾದರೆ ನಾದಲು ಆಗುವುದಿಲ್ಲ.

ಎರಡನೆಯ ಕಾರಣವೂ ಇದೆ. ದೊಡ್ಡಪತ್ರೆಯ ಘಾಟಿಗೆ ಮುಖ್ಯ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯ ಅಂಶಗಳು. ಓಮದಲ್ಲಿ, ಥೈಮ್‌ನಲ್ಲಿ, ಪಿಜ್ಜಾದ ಮೇಲೆ ಉದುರಿಸುವ ಒರೆಗಾನೊದಲ್ಲಿ ಇರುವುದೂ ಇವೇ. ಹಾಗಾಗಿಯೇ ದೊಡ್ಡಪತ್ರೆ ಬ್ರೆಡ್‌ಗೆ ಚೆನ್ನಾಗಿ ಹೊಂದುತ್ತದೆ. ಆದರೆ ಇವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣದವು, ಯೀಸ್ಟ್ ಕೂಡ ಸೂಕ್ಷ್ಮಜೀವಿಯೇ. ಎಲೆ ಹೆಚ್ಚಾದರೆ, ಅದರಲ್ಲೂ ರುಬ್ಬಿ ಎಣ್ಣೆಯನ್ನೆಲ್ಲ ಹೊರಗೆ ಬಿಟ್ಟರೆ, ಉಬ್ಬುವುದು ನಿಧಾನವಾಗುತ್ತದೆ.

ಹೀಗೆ ಮಾಡಿ. ಹದಿನೈದು ಎಲೆ ಸಾಕು. ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ ಸಣ್ಣಗೆ ಹೆಚ್ಚಿ. ಬಾಣಲೆಗೆ ಒಂದೂವರೆ ದೊಡ್ಡ ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಿ. ಮೊದಲು ಚೊರ್ರೆಂದು ಸದ್ದು ಬರುತ್ತದೆ, ಹಸಿರು ಮಂಕಾಗುತ್ತದೆ, ನಾಲ್ಕೈದು ನಿಮಿಷದಲ್ಲಿ ಸದ್ದು ಅಡಗುತ್ತದೆ. ಸದ್ದು ನಿಂತಿತೆಂದರೆ ನೀರು ಹೋಯಿತೆಂದು ಅರ್ಥ. ಅಲ್ಲಿಗೆ ಒಲೆ ಆರಿಸಿ. ಇನ್ನೂ ಬಿಟ್ಟರೆ ಎಲೆ ಕಪ್ಪಾಗಿ ಕಹಿಯಾಗುತ್ತದೆ. ಪರಿಮಳ ಈಗ ತುಪ್ಪಕ್ಕೆ ಇಳಿದಿದೆ, ಬಾಣಲೆಯಲ್ಲಿ ತುಪ್ಪ ಉಳಿಸಬೇಡಿ.

500 ಗ್ರಾಂ ಮೈದಾ, 9 ಗ್ರಾಂ ಉಪ್ಪು, 10 ಗ್ರಾಂ ಸಕ್ಕರೆ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 300 ಮಿ.ಲೀ. ಉಗುರುಬೆಚ್ಚಗಿನ ನೀರು ಸೇರಿಸಿ ಹತ್ತು ನಿಮಿಷ ನಾದಿ, ಎರಡು ಪಟ್ಟು ಉಬ್ಬಲು ಬಿಡಿ. ಆರಿದ ಎಲೆ-ತುಪ್ಪವನ್ನು ಆಮೇಲೆ, ಹಿಟ್ಟು ಒಮ್ಮೆ ಉಬ್ಬಿದ ಮೇಲೆ, ಹರಡಿ ಮಡಚಿ ಸೇರಿಸಿ. ಅಷ್ಟರಲ್ಲಿ ಯೀಸ್ಟ್ ತನ್ನ ಕೆಲಸದ ದೊಡ್ಡ ಪಾಲು ಮುಗಿಸಿರುತ್ತದೆ. ಅಚ್ಚಿಗೆ ಹಾಕಿ, ಅಂಚಿನ ಮಟ್ಟಕ್ಕೆ ಬಂದ ಮೇಲೆ 200 ಡಿಗ್ರಿಯಲ್ಲಿ 30–35 ನಿಮಿಷ. ಜೊತೆಗೆ ಬೆಳ್ಳುಳ್ಳಿ ಹಾಕುವ ಆಸೆಯಿದ್ದರೆ ಅದನ್ನೂ ಎಲೆಯ ಜೊತೆಗೇ ಹುರಿಯಿರಿ. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಹಿಟ್ಟಿನ ಬಿಗಿ ಸಡಿಲವಾಗುತ್ತದೆ.

ಓವನ್ 200 ಡಿಗ್ರಿ ಇದ್ದರೆ ಘಮವೆಲ್ಲ ಸುಟ್ಟುಹೋಗದೇ ಎಂದು ಕೇಳುವವರಿದ್ದಾರೆ. ಬ್ರೆಡ್‌ನ ಒಳಭಾಗದಲ್ಲಿ ನೀರಿರುವ ತನಕ ಅಲ್ಲಿಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಸುಡುವುದು ಮೇಲ್ಪದರ ಮಾತ್ರ. ಅಂದಕ್ಕೆಂದು ಮೇಲೆ ಎಲೆ ಅಂಟಿಸುವುದಾದರೆ ಎಣ್ಣೆಯಲ್ಲಿ ಅದ್ದಿ ಹಿಟ್ಟಿನೊಳಗೆ ಒತ್ತಿ ಕೂರಿಸಿ, ಇಲ್ಲವಾದರೆ ಕರಕಲಾಗುತ್ತದೆ.

ಪ್ರಶ್ನೆ: ಬೇಕರಿ ಖಾರ ಬಿಸ್ಕತ್ತು ಮನೆಯಲ್ಲಿ ಮಾಡಿದರೆ ಮಾರನೇ ದಿನಕ್ಕೇ ಮೆತ್ತಗಾಗುತ್ತದೆ. ಕರಿಬೇವು, ಸಬ್ಬಸಿಗೆ, ಕೊತ್ತಂಬರಿ ಮೂರೂ ಧಾರಾಳ ಹಾಕುತ್ತೇನೆ. ಆದರೂ ಬೇಕರಿಯ ವಾಸನೆ ಬರುವುದಿಲ್ಲ. — ಬೆಂಗಳೂರು, ಬಸವನಗುಡಿ

ಉತ್ತರ: ಧಾರಾಳವೇ ತೊಂದರೆ. ಹಸಿ ಸೊಪ್ಪು ಹೆಚ್ಚಾದಷ್ಟೂ ಬಿಸ್ಕತ್ತಿನೊಳಗೆ ತೇವ ಉಳಿಯುತ್ತದೆ. ರಾತ್ರಿ ಕಳೆಯುವುದರೊಳಗೆ ಅದು ನಡುವಿನಿಂದ ಅಂಚಿಗೆ ಹರಡಿ ಎಲ್ಲವೂ ಮೆತ್ತಗೆ. ಮೂರರಲ್ಲಿ ಕೊತ್ತಂಬರಿ ಬಿಟ್ಟುಬಿಡಿ. ಅದರ ಪರಿಮಳ ಓವನ್ನಿನ ಬಿಸಿಗೆ ನಿಲ್ಲುವುದಿಲ್ಲ, ಹುಲ್ಲಿನ ರುಚಿ ಮಾತ್ರ ಉಳಿಯುತ್ತದೆ. ಕೊತ್ತಂಬರಿಯ ಜಾಗ ಚಟ್ನಿ, ಕೋಸಂಬರಿ, ಇಳಿಸಿದ ಮೇಲಿನ ಸಾರು.

ಕರಿಬೇವಿನ ವಿಷಯ ಬೇರೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಸಣ್ಣ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಎಣ್ಣೆ ಇರುವುದು ಆ ಚುಕ್ಕೆಗಳಲ್ಲಿ, ಎಲೆಯ ಒಳಗೆ. ಪುದೀನ, ತುಳಸಿಯಲ್ಲಿ ಎಣ್ಣೆ ಎಲೆಯ ಮೈಮೇಲಿನ ಸಣ್ಣ ಗ್ರಂಥಿಗಳಲ್ಲಿರುತ್ತದೆ, ಅದಕ್ಕೇ ಸವರಿದರೆ ಸಾಕು ಘಮ ಬರುತ್ತದೆ. ಕರಿಬೇವನ್ನು ಮುರಿಯಬೇಕು ಇಲ್ಲವೇ ಹುರಿಯಬೇಕು. ಇಡೀ ಎಲೆ ಹಾಕಿದರೆ ತಿನ್ನುವವರು ತೆಗೆದು ಪಕ್ಕಕ್ಕಿಡುತ್ತಾರೆ, ಅಷ್ಟೇ.

25–30 ಕರಿಬೇವನ್ನು ಒರೆಸಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಬಿಸಿ ಮಾಡಿ. ಬಣ್ಣ ಹಸಿರಾಗಿಯೇ ಇರಬೇಕು. ಅಂಗೈಯಲ್ಲಿ ಒರಟಾಗಿ ಪುಡಿ ಮಾಡಿ. ಸಬ್ಬಸಿಗೆ ಎರಡು ದೊಡ್ಡ ಚಮಚ, ಎಳೆ ಎಲೆ ಮಾತ್ರ, ದಂಟು ಬೇಡ. ಹಸಿಮೆಣಸು ಮೂರು, ತಿರುಳು ಮತ್ತು ಬೀಜ ತೆಗೆದು ಸಣ್ಣಗೆ ಹೆಚ್ಚಿದ್ದು. ಮೆಣಸಿನ ತಿರುಳಿನಲ್ಲೂ ನೀರಿದೆ.

200 ಗ್ರಾಂ ಮೈದಾಕ್ಕೆ ಮುಕ್ಕಾಲು ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ ಪುಡಿ, ಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಜೀರಿಗೆ. ಫ್ರಿಜ್‌ನಿಂದ ಆಗ ತಾನೇ ತೆಗೆದ 100 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಹಿಟ್ಟು ರವೆಯಂತೆ ಆಗಲಿ. ಸೊಪ್ಪು, ಮೆಣಸು ಸೇರಿಸಿ ಎರಡು ದೊಡ್ಡ ಚಮಚ ಗಟ್ಟಿ ಮೊಸರಿನಲ್ಲಿ ಒಟ್ಟುಗೂಡಿಸಿ. ನಾದಬೇಡಿ, ನಾದಿದರೆ ಚಪಾತಿಯ ಹಾಗೆ ಜಿಗುಟಾಗುತ್ತದೆ. ಅರ್ಧ ಗಂಟೆ ತಣ್ಣಗಿಟ್ಟು, ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, 170 ಡಿಗ್ರಿಯಲ್ಲಿ 20–22 ನಿಮಿಷ. ಅಂಚು ಕಂದು ತಿರುಗಿದ ಮೇಲೆ ಓವನ್ ಆರಿಸಿ, ಬಾಗಿಲನ್ನು ಸ್ವಲ್ಪ ತೆರೆದು ಇನ್ನೂ ಹತ್ತು ನಿಮಿಷ ಒಳಗೇ ಬಿಡಿ. ಒಳಗಿನ ತೇವ ಹೋಗುವುದು ಈ ಹತ್ತು ನಿಮಿಷದಲ್ಲಿ, ಅವಸರ ಮಾಡುವವರು ಬಿಟ್ಟುಬಿಡುವುದೂ ಇದನ್ನೇ. ಜಾಲರಿಯ ಮೇಲೆ ಪೂರ್ತಿ ಆರದೆ ಡಬ್ಬಿಗೆ ತುಂಬಬೇಡಿ.

ಪ್ರಶ್ನೆ: ನಾಗರಪಂಚಮಿಗೆ ಅರಿಶಿನ ಎಲೆಯ ಸಿಹಿ ಕಡುಬು ಮಾಡಿದರೆ ಎಲೆ ಮಡಚುವಾಗ ಸೀಳುತ್ತದೆ, ಹೂರಣ ಸೋರುತ್ತದೆ, ಬಿಡಿಸುವಾಗ ಅರ್ಧ ಹಿಟ್ಟು ಎಲೆಯಲ್ಲೇ. ಉಳಿದ ಎಲೆಗಳನ್ನು ಫ್ರೀಜರಿನಲ್ಲಿ ಇಡಬಹುದೇ? — ಕುಂದಾಪುರ

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ಸೀಳುವುದು ನಡುವಿನ ದಿಂಡಿನಿಂದ. ಎಲೆಯನ್ನು ಬೋರಲು ಹಾಕಿ, ಉಬ್ಬಿದ ದಿಂಡನ್ನು ಚಾಕುವಿನಿಂದ ಎಲೆಯ ಮಟ್ಟಕ್ಕೆ ಸವರಿ ತೆಗೆಯಿರಿ. ಮಡಚುವುದು ಆ ಗೆರೆಯಲ್ಲೇ, ಉದ್ದಕ್ಕೆ. ತೀರಾ ಉದ್ದದ ಎಲೆಯನ್ನು ಎರಡು ತುಂಡು ಮಾಡಿಕೊಳ್ಳಿ.

ಸೋರುವುದು ಹೂರಣದ ಪಾಕದಿಂದ. ಒಂದು ಬಟ್ಟಲು ಕಾಯಿತುರಿಗೆ ಅರ್ಧದಿಂದ ಮುಕ್ಕಾಲು ಬಟ್ಟಲು ಬೆಲ್ಲ ಸಾಕು. ಬೆಲ್ಲ ಕರಗಿ ಮತ್ತೆ ಕಾಯಿಗೆ ಹಿಡಿದುಕೊಂಡು, ಬಾಣಲೆಯ ತಳ ಒಣಗುವ ತನಕ ಮಗುಚಿ. ಹಸಿ ಬೆಲ್ಲ ಕಾಯಿಗೆ ಬೆರೆಸಿ ಹಾಗೇ ತುಂಬಿದರೆ ಹಬೆಯಲ್ಲಿ ಕರಗಿ ಸೋರುತ್ತದೆ. ಏಲಕ್ಕಿ ಒಂದು ಚಿಟಿಕೆಗಿಂತ ಹೆಚ್ಚು ಬೇಡ, ಇಲ್ಲಿ ಎಲೆಯ ಪರಿಮಳವೇ ಮುಖ್ಯ. ಅದಕ್ಕೆ ಎದುರಾಗಿ ಏಲಕ್ಕಿ ತುಂಬಿದರೆ ಬಾಳೆ ಎಲೆಯಲ್ಲೇ ಮಾಡಬಹುದಿತ್ತಲ್ಲ!

ಅಂಟುವುದಕ್ಕೆ ಕಾರಣ ನೀರು ಹಿಟ್ಟು ಅಥವಾ ಆತುರ. ನಾಲ್ಕು ಗಂಟೆ ನೆನೆದ ದೋಸೆ ಅಕ್ಕಿಯನ್ನು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ. ಬೆರಳಲ್ಲಿ ಹಚ್ಚಿದರೆ ಹರಿಯದೆ ನಿಲ್ಲಬೇಕು. ಎರಡು ಮೂರು ಮಿ.ಮೀ. ದಪ್ಪಕ್ಕೆ, ಅಂಚಿನಲ್ಲಿ ಒಂದು ಸೆಂ.ಮೀ. ಬಿಟ್ಟು ಹಚ್ಚಿ. ನೀರು ಕುದಿ ಬಂದ ಮೇಲೆಯೇ ಪಾತ್ರೆಗಿಟ್ಟು 15–18 ನಿಮಿಷ ಬೇಯಿಸಿ. ಹೊರಗೆ ತೆಗೆದು ಹತ್ತು ನಿಮಿಷ ಆರಿದ ಮೇಲೆ ಎಲೆ ತಾನಾಗಿ ಬಿಡುತ್ತದೆ.

ಫ್ರೀಜರಿನಲ್ಲಿ ಧಾರಾಳ ಇಡಬಹುದು. ಒರೆಸಿ, ಸುರುಳಿ ಸುತ್ತಿ, ಗಾಳಿ ಹೋಗದ ಚೀಲದಲ್ಲಿಡಿ. ಹೊರತೆಗೆದಾಗ ಬಾಡಿದಂತೆ ಕಾಣುತ್ತದೆ, ಹಬೆಯ ಅಡುಗೆಗೆ ಅದರಿಂದ ತೊಂದರೆಯಿಲ್ಲ, ಮಡಚಲು ಇನ್ನೂ ಸುಲಭ. ಚಳಿಗಾಲಕ್ಕೆ ಗಿಡ ಒಣಗಿ ಗಡ್ಡೆ ಮಾತ್ರ ಉಳಿಯುವುದರಿಂದ ಈ ಸಂಗ್ರಹ ಉಪಯೋಗಕ್ಕೆ ಬರುತ್ತದೆ. ಹರಿದ ಎಲೆ, ಕತ್ತರಿಸಿದ ತುದಿಗಳನ್ನು ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ಹಾಕಿ, ತುಪ್ಪಕ್ಕೆ ಒಳ್ಳೆಯ ಪರಿಮಳ.

ಪ್ರಶ್ನೆ: ಮಜ್ಜಿಗೆ ಹುಲ್ಲು, ಶುಂಠಿ, ಬೆಲ್ಲ ಹಾಕಿ ಹಾಲು ಕುದಿಸಿದೆ, ಒಡೆದುಹೋಯಿತು. ನಿಂಬೆಯ ವಾಸನೆ ಇರುವುದರಿಂದ ಹುಳಿಯೂ ಇದೆಯೇ? — ಹಾಸನ

ಉತ್ತರ: ಇಲ್ಲ. ಮಜ್ಜಿಗೆ ಹುಲ್ಲಿಗೆ ನಿಂಬೆಯ ವಾಸನೆ ಕೊಡುವುದು ಸಿಟ್ರಾಲ್, ಅದು ಹುಳಿಯಲ್ಲ. ಹಾಲು ಒಡೆಸಿದ್ದು ಶುಂಠಿ ಅಥವಾ ಬೆಲ್ಲ, ಅಥವಾ ಇಬ್ಬರೂ ಸೇರಿ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ಶುಂಠಿಯನ್ನು ಮೊದಲು ನೀರಿನಲ್ಲಿ ನಾಲ್ಕೈದು ನಿಮಿಷ ಕುದಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಹಾಲು ಹಾಕಬಹುದು. ಬೆಲ್ಲವನ್ನು ಒಲೆ ಆರಿಸಿ, ಕುದಿ ಇಳಿದ ಮೇಲೆ ಸೇರಿಸಿ.

ಹುಳಿಯಿಲ್ಲದ ನಿಂಬೆ ಘಮ ಹಾಲಿನ ಸಿಹಿಗೆ ಬಹಳ ಅನುಕೂಲ. ಒಂದು ಲೀಟರ್ ಹಾಲಿಗೆ ಬುಡದ ಬಿಳಿ ಭಾಗವಿರುವ ಮೂರು ದಂಟು ತೆಗೆದುಕೊಳ್ಳಿ. ಬುಡ ಜಜ್ಜಿ, ಎಲೆಯನ್ನು ಗಂಟು ಕಟ್ಟಿ, ಹಾಲು ಕುದಿದು ಇಳಿಸಿದ ಮೇಲೆ ಮುಳುಗಿಸಿ, ಮುಚ್ಚಳ ಮುಚ್ಚಿ 15 ನಿಮಿಷ ಬಿಟ್ಟು ಸೋಸಿ. ಶಾವಿಗೆ ಪಾಯಸ, ಕಸ್ಟರ್ಡ್, ಅನಾನಸ್ ಕೇಕಿನ ಹಾಲು, ಎಲ್ಲಕ್ಕೂ ಆಗುತ್ತದೆ. ಕುದಿಸುತ್ತಲೇ ಇದ್ದರೆ ಪರಿಮಳ ಬೀದಿಗೆ ಹೋಗುತ್ತದೆ. ಹೆಚ್ಚಿದ ಚೂರುಗಳನ್ನಂತೂ ತಿಂಡಿಯಲ್ಲಿ ಬಿಡಬೇಡಿ, ನಾರು ಗಂಟಲಿಗೆ ಸಿಕ್ಕುತ್ತದೆ.

ಪ್ರಶ್ನೆ: ಬೇಸಿಲ್ ಸಿಗಲಿಲ್ಲವೆಂದು ಕಾಮಕಸ್ತೂರಿ ಎಲೆಯಲ್ಲಿ ಪೆಸ್ಟೊ (ಪಾಸ್ತಾಕ್ಕೆ ಕಲಸುವ ಇಟಲಿಯ ಹಸಿರು ಚಟ್ನಿ) ಮಾಡಿದೆ. ಹತ್ತು ನಿಮಿಷಕ್ಕೆ ಕಪ್ಪಾಯಿತು. ಫ್ರಿಜ್‌ನಲ್ಲಿಟ್ಟ ಎಲೆಯೂ ಕಪ್ಪು. ಎರಡೂ ಒಂದೇ ಗಿಡವೇ? — ಧಾರವಾಡ

ಉತ್ತರ: ಹೌದು, ಸಬ್ಜಾ ಬೀಜ ಕೊಡುವ ನಮ್ಮ ಕಾಮಕಸ್ತೂರಿಯೂ ಇಟಲಿಯ ಅಡುಗೆಯ ಬೇಸಿಲ್ಲೂ ಒಂದೇ ಜಾತಿ, ತಳಿ ಬೇರೆ. ಕೆಲವು ಕಾಮಕಸ್ತೂರಿಗೆ ಸೋಂಪಿನ ಅಥವಾ ಕರ್ಪೂರದ ವಾಸನೆ ಹೆಚ್ಚು. ಒಂದು ಎಲೆ ಜಗಿದು ನೋಡಿ. ಕರ್ಪೂರ ಮೂಗಿಗೆ ಹೊಡೆದರೆ ಪೆಸ್ಟೊಗೆ ಬೇಡ. ಪೂಜೆಯ ತುಳಸಿಯನ್ನು ಬದಲಿಗೆ ಹಾಕಬೇಡಿ, ಅದರದು ಲವಂಗದ ಖಾರ.

ಫ್ರಿಜ್‌ನಲ್ಲಿ ಕಪ್ಪಾಗುವುದು ಚಳಿಗೆ. ಬಿಸಿಲು ನಾಡಿನ ಈ ಗಿಡದ ಎಲೆ 10 ಡಿಗ್ರಿಗಿಂತ ಕೆಳಗೆ ಕೆಡುತ್ತದೆ. ಕೊಂಬೆಯನ್ನು ಲೋಟದ ನೀರಿನಲ್ಲಿ ನಿಲ್ಲಿಸಿ ಹೊರಗೇ ಇಡಿ.

ಪೆಸ್ಟೊ ಕಪ್ಪಾಗುವುದು, ಹೆಚ್ಚಿದ ಬದನೆಕಾಯಿ ಕಪ್ಪಾದಂತೆ, ಗಾಳಿ ತಗುಲಿ. ಮಿಕ್ಸಿಯ ಬಿಸಿ ಅದನ್ನು ಇನ್ನೂ ಬೇಗ ಮಾಡುತ್ತದೆ. 50 ಗ್ರಾಂ ಎಲೆಯನ್ನು ಕುದಿಯುವ ನೀರಿನಲ್ಲಿ ಹತ್ತೇ ಸೆಕೆಂಡ್ ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ಹಿಂಡಿ, ಬಟ್ಟೆಯಲ್ಲಿ ಒಣಗಿಸಿ. ಜಾರನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟಿರಿ. ಮೊದಲು 30 ಗ್ರಾಂ ಗೋಡಂಬಿ, ಒಂದು ಎಸಳು ಬೆಳ್ಳುಳ್ಳಿ, ಉಪ್ಪು ಪುಡಿ ಮಾಡಿ. ಆಮೇಲೆ ಎಲೆ ಮತ್ತು 60 ಮಿ.ಲೀ. ಆಲಿವ್ ಎಣ್ಣೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಕೊನೆಗೆ 30 ಗ್ರಾಂ ತುರಿದ ಗಟ್ಟಿ ಚೀಸ್ ಕೈಯಲ್ಲೇ ಬೆರೆಸಿ. ಇಟಲಿಯ ಜಿನೋವಾದ ಸಾಂಪ್ರದಾಯಿಕ ವಿಧಾನದಲ್ಲಿ ಪೈನ್ ಬೀಜ ಹಾಕಿ ಅಮೃತಶಿಲೆಯ ಕಲ್ಲಿನಲ್ಲಿ ಅರೆಯುತ್ತಾರೆ. ನಿಮ್ಮಲ್ಲಿ ಒರಳಿದ್ದರೆ ಅದು ಮಿಕ್ಸಿಗಿಂತ ಮೇಲು, ಎಲೆಯನ್ನು ಕುದಿಯುವ ನೀರಿನಲ್ಲಿ ಅದ್ದುವ ಕೆಲಸವೂ ಬೇಡ. ಲಿಂಬೆರಸ ಹಿಂಡಿದರೆ ಕಪ್ಪಾಗುವುದು ತಡವಾಗುತ್ತದೆ, ಆದರೆ ನಾಳೆಗೆ ಹಸಿರು ಮಾಸುತ್ತದೆ. ಪೆಸ್ಟೊವನ್ನು ಒಲೆಯ ಮೇಲೆ ಬಿಸಿ ಮಾಡಬೇಡಿ. ಪಾಸ್ತಾ ಇಳಿಸಿದ ಮೇಲೆ ಅದರ ಬೆಂದ ನೀರು ಎರಡು ಚಮಚ ಸೇರಿಸಿ ಕಲಸಿ.

ಪ್ರಶ್ನೆ: ಮಲ್ಲಿಗೆ ದಂಡೆಯಲ್ಲಿ ಕಟ್ಟುವ ಮರುಗವನ್ನು ತಿನ್ನಬಹುದೇ? ದವನ? — ಮೈಸೂರು

ಉತ್ತರ: ಮರುಗ ತಿನ್ನುವ ಸೊಪ್ಪೇ, ಯೂರೋಪಿನವರು ಮಾರ್ಜೋರಂ ಎಂದು ಸೂಪಿಗೆ, ಮೊಟ್ಟೆಗೆ, ಆಲೂಗಡ್ಡೆಗೆ ಹಾಕುತ್ತಾರೆ. ಹೂವಿನ ಅಂಗಡಿಯದ್ದು ಮಾತ್ರ ಬೇಡ. ಅದನ್ನು ಮುಡಿಯಲೆಂದು ಬೆಳೆಸುತ್ತಾರೆ, ಔಷಧ ಹೊಡೆದು ಎಷ್ಟು ದಿನವಾಯಿತೋ ಕೇಳುವವರಿಲ್ಲ. ಒಂದು ಕಡ್ಡಿ ತಂದು ಕುಂಡದಲ್ಲಿ ನೆಟ್ಟು, ಹೊಸ ಚಿಗುರು ಬಂದ ಮೇಲೆ ಕೊಯ್ಯಿರಿ. ಆಲೂಗಡ್ಡೆ ಪಲ್ಯ ಇಳಿಸುವ ಎರಡು ನಿಮಿಷ ಮೊದಲು ಒಂದು ಚಮಚ ಎಲೆ ಸಾಕು. ದವನವನ್ನು ದೇವರಿಗೇ ಬಿಡಿ, ಕಹಿ.

ಪ್ರಶ್ನೆ: ಮೊಟ್ಟೆಯಿಲ್ಲದ ಕೇಕಿಗೆ ಎಸೆನ್ಸ್ ಬದಲು ಹಿತ್ತಲಿನ ಲಿಂಬೆ ಎಲೆ, ರೋಸ್‌ಮೇರಿ ಬಳಸುವುದು ಹೇಗೆ? — ಮಡಿಕೇರಿ

ಉತ್ತರ: ಎರಡನ್ನೂ ಒಟ್ಟಿಗೆ ಬೇಡ. ಲಿಂಬೆ ಎಲೆ ಕೇಕಿಗೆ, ರೋಸ್‌ಮೇರಿ ಬಿಸ್ಕತ್ತಿಗೆ.

ಆರು ಎಳೆಯ ಲಿಂಬೆ ಎಲೆಗಳ ನಡುದಿಂಡು ತೆಗೆದು (ಕಹಿ ಇರುವುದು ಅಲ್ಲಿ), ಕತ್ತರಿಸಿ, 150 ಗ್ರಾಂ ಸಕ್ಕರೆಯ ಜೊತೆ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಸಕ್ಕರೆಯ ಹರಳು ಎಲೆಯನ್ನು ಉಜ್ಜಿ ಎಣ್ಣೆ ಹೀರಿಕೊಳ್ಳುತ್ತದೆ. ತಿಳಿ ಹಸಿರಿನ ಆ ಸಕ್ಕರೆಯನ್ನು 240 ಮಿ.ಲೀ. ಮೊಸರಿನಲ್ಲಿ ಕರಗಿಸಿ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಮತ್ತು ಅರ್ಧ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಟ್ಟರೆ ನೊರೆ ಏಳುತ್ತದೆ. 110 ಮಿ.ಲೀ. ವಾಸನೆಯಿಲ್ಲದ ಎಣ್ಣೆ, 190 ಗ್ರಾಂ ಮೈದಾ ಬೆರೆಸಿ 180 ಡಿಗ್ರಿಯಲ್ಲಿ 35 ನಿಮಿಷ ಬೇಯಿಸಿ. ನೊರೆ ಎದ್ದ ಮೇಲೆ ಫೋನ್ ಬಂದರೂ ತೆಗೆಯಬೇಡಿ, ತಡವಾದಷ್ಟು ಕೇಕ್ ಚಪ್ಪಟೆಯಾಗುತ್ತದೆ.

ರೋಸ್‌ಮೇರಿಗೆ ಕೈ ಬಿಗಿ ಹಿಡಿಯಬೇಕು. 200 ಗ್ರಾಂ ಮೈದಾದ ಬೆಣ್ಣೆ ಬಿಸ್ಕತ್ತಿಗೆ ನುಣ್ಣಗೆ ಹೆಚ್ಚಿದ ಎಳೆ ಎಲೆ ಒಂದು ಸಣ್ಣ ಚಮಚ. ಎರಡಾದರೆ ನೋವಿನ ಮುಲಾಮಿನ ವಾಸನೆ ಬರುತ್ತದೆ.

ಪ್ರಶ್ನೆ: ಹಸಿ ರೋಸ್‌ಮೇರಿ, ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯ ಬಾಟಲಿಯಲ್ಲಿ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೇನೆ, ಮೂರು ವಾರವಾಯಿತು. ಎಷ್ಟು ದಿನ ಬರುತ್ತದೆ? — ಹುಬ್ಬಳ್ಳಿ

ಉತ್ತರ: ಚೆಲ್ಲಿಬಿಡಿ, ರುಚಿ ನೋಡಲೂ ಹೋಗಬೇಡಿ. ಎಣ್ಣೆಯೊಳಗೆ ಗಾಳಿಯಿಲ್ಲ, ಹಸಿ ಸೊಪ್ಪು-ಬೆಳ್ಳುಳ್ಳಿಯಲ್ಲಿ ತೇವವಿದೆ, ಹುಳಿಯಿಲ್ಲ. ಮಣ್ಣಿನಿಂದ ಬರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಲು ಇದೇ ತಕ್ಕ ಜಾಗ. ಬಣ್ಣ, ವಾಸನೆ ಏನೂ ಕೆಡದೆಯೂ ವಿಷವಿರಬಹುದು, ಜೀವಕ್ಕೇ ಅಪಾಯ. ನಮ್ಮ ಉಪ್ಪಿನಕಾಯಿಯೂ ಎಣ್ಣೆಯಲ್ಲಿ ಮುಳುಗಿರುತ್ತದಲ್ಲ ಎನ್ನಬಹುದು. ಅದನ್ನು ಕಾಯುವುದು ಉಪ್ಪು ಮತ್ತು ಹುಳಿ, ಎಣ್ಣೆಯಲ್ಲ.

ಹಸಿ ಸೊಪ್ಪಿನ ಎಣ್ಣೆ ಬೇಕಿದ್ದರೆ ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಹೆಚ್ಚಿದ್ದರೆ ಐಸ್ ತಟ್ಟೆಯಲ್ಲಿ ಎಣ್ಣೆಯೊಂದಿಗೆ ಹೆಪ್ಪುಗಟ್ಟಿಸಿ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ, ಒಗ್ಗರಣೆಗೆ ಒಂದೊಂದೇ ಗಟ್ಟಿ ತೆಗೆದುಕೊಳ್ಳಬಹುದು. ದೊಡ್ಡಪತ್ರೆ, ಸಬ್ಬಸಿಗೆ, ಪುದೀನಕ್ಕೂ ಇದೇ ಒಳ್ಳೆಯ ದಾರಿ.

ಪ್ರಶ್ನೆ: ಯಾವ ಸೊಪ್ಪನ್ನು ಒಣಗಿಸಿ ಇಟ್ಟುಕೊಳ್ಳಬಹುದು? — ತುಮಕೂರು

ಉತ್ತರ: ಗಟ್ಟಿ ಎಲೆಯವು: ರೋಸ್‌ಮೇರಿ, ಥೈಮ್, ಒರೆಗಾನೊ, ಮರುಗ. ಪುದೀನ ಪರವಾಗಿಲ್ಲ. ಕೊತ್ತಂಬರಿ, ಸಬ್ಬಸಿಗೆ ಒಣಗಿದರೆ ಹುಲ್ಲು. ದೊಡ್ಡಪತ್ರೆ ದಪ್ಪ ಎಲೆಯಾದ್ದರಿಂದ ಒಣಗುವ ಮೊದಲೇ ಕಂದಾಗುತ್ತದೆ. ಇಬ್ಬನಿ ಆರಿದ ಮೇಲೆ, ಹೂ ಬಿಡುವ ಮೊದಲು ಕೊಯ್ದು, ನೆರಳಿನಲ್ಲಿ ಗಾಳಿಗೆ ಹರಡಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಘಮವೂ ಹೋಗುತ್ತವೆ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಎಲೆಯನ್ನು ಇಡಿಯಾಗಿ ಡಬ್ಬಿಗೆ ತುಂಬಿ, ಬಳಸುವಾಗ ಮಾತ್ರ ಪುಡಿ ಮಾಡಿ. ಮೂರು ಚಮಚ ಹಸಿ ಸೊಪ್ಪು ಎಂದಿರುವಲ್ಲಿ ಒಣಗಿದ್ದು ಒಂದು ಚಮಚ. ಮಳೆಗಾಲದಲ್ಲಿ ಎಲೆಯಲ್ಲಿ ನೀರು ಹೆಚ್ಚು, ಘಮ ಕಡಿಮೆ, ಒಣಗುವುದೂ ಕಷ್ಟ. ದಸರಾ ಕಳೆದು ಬಿಸಿಲು ಬರಲಿ.